ಕಾಕಾನ ರೆಕಾರ್ಡಿನಲ್ಲಿ ಹಾಡು 9 ಸೆಕೆಂಡ್ ಮೊದಲೇ ಮುಗಿಯುತ್ತದೆ, ಪ್ಲೇಯರ್ ಕೆಟ್ಟಿದೆಯಾ?

ಫರಸಿಕಲ್ಲು, ಕಲಬುರಗಿ

ಎಲ್ಲರಿಗೂ ನಮಸ್ಕಾರ. ಇಲ್ಲಿ ಇಂಗ್ಲೆಂಡಿನ ಹಳೆ ಬ್ಯಾಂಡ್ ಬೀಟಲ್ಸ್ ಕೇಳುವವರು ಎಷ್ಟು ಜನ ಇದ್ದೀರೋ, ಆದರೂ ಕೇಳಿಬಿಡುತ್ತೇನೆ. ಮನೆಯಲ್ಲಿ ಒಂದು ತಕರಾರು ನಡೆದಿದೆ, ಅದು ಬಗೆಹರಿಯಬೇಕು.

ನಮ್ಮ ಕಾಕಾ ವಾಡಿ ಜಂಕ್ಷನ್‌ನಲ್ಲಿ ರೈಲ್ವೆ ನೌಕರಿ ಮಾಡಿದವರು. ಈಗ 79 ವಯಸ್ಸು. ಆಗೆಲ್ಲ ಮುಂಬೈಗೆ ಹೋದಾಗ ಚೋರ್ ಬಜಾರಿನಿಂದ ಹಳೆ ರೆಕಾರ್ಡ್ ಹೊತ್ತು ತರುತ್ತಿದ್ದರು. ಎಷ್ಟೋ ರೆಕಾರ್ಡು ಬಿಸಿಲಿಗೇ ಹೋದವು. ನಮ್ಮ ಕಡೆ ಮೇ ತಿಂಗಳಲ್ಲಿ ಪತ್ರಾಸಿನ ಕೆಳಗೆ ರೆಕಾರ್ಡ್ ಇಟ್ಟರೆ ಹಪ್ಪಳ ಆಗುತ್ತದೆ, ನಿಮಗೆ ಗೊತ್ತಲ್ವಾ. ಫರಸಿ ಹಾಕಿದ ಗೋಡೆಗೂಡಿನಲ್ಲಿ ನಿಲ್ಲಿಸಿ ಇಟ್ಟಿದ್ದು ಮಾತ್ರ ಉಳಿದಿವೆ. ಒಟ್ಟು ಹದಿನಾರು. ಅದರಲ್ಲಿ ಒಂದು ಬೀಟಲ್ಸ್ ಅವರ 'ಸಾರ್ಜೆಂಟ್ ಪೆಪ್ಪರ್ಸ್ ಲೋನ್ಲಿ ಹಾರ್ಟ್ಸ್ ಕ್ಲಬ್ ಬ್ಯಾಂಡ್'.

ಮೊದಲನೇ ಮಗ್ಗಲಿನ ಆರನೇ ಹಾಡು 'ಶೀಸ್ ಲೀವಿಂಗ್ ಹೋಮ್'. ನನ್ನ ಫೋನಿನಲ್ಲಿ ಅದು 3 ನಿಮಿಷ 35 ಸೆಕೆಂಡ್. ಕಾಕಾನ ರೆಕಾರ್ಡಿನಲ್ಲಿ 3 ನಿಮಿಷ 26 ಸೆಕೆಂಡ್. ದನಿ ಕೂಡ ಸ್ವಲ್ಪ ಎಳೆಯದಾಗಿ ಕೇಳುತ್ತದೆ. ಪ್ಲೇಯರ್ ಜೋರಾಗಿ ತಿರುಗುತ್ತಿದೆ ಅಂತ ನಾನು. "ನಿನ್ನ ಫೋನೇ ಹೆಣಾ ಎಳದಂಗ ಹಾಡ್ತದ" ಅಂತ ಕಾಕಾ.

ವೋಲ್ಟೇಜ್ ಇರಬಹುದು ಅಂದುಕೊಂಡು ಪರೀಕ್ಷೆ ಮಾಡಿದೆ. ರೆಕಾರ್ಡಿನ ಕೆಳಗೆ ಒಂದು ಚೀಟಿ ತುಸು ಹೊರಗೆ ಚಾಚಿಕೊಳ್ಳುವ ಹಾಗೆ ಸಿಕ್ಕಿಸಿದೆ. ಮಗಳು ಮುಂದೆ ಕೂತು ಸುತ್ತು ಎಣಿಸಿದಳು, ನಾನು ಫೋನಿನಲ್ಲಿ ಟೈಮ್ ನೋಡಿದೆ. ಮೂರು ನಿಮಿಷಕ್ಕೆ 100 ಸುತ್ತು ಬರಬೇಕು. ನೂರೇ ಬಂತು. ನನಗೆ ನಂಬಿಕೆ ಬರದೆ ಇನ್ನೊಮ್ಮೆ ಎಣಿಸಿದೆವು, ಮತ್ತೂ ನೂರು. ಅದರ ಹಿಂದಿನ ಹಾಡು ಹಾಕಿದರೆ ಫೋನಿನ ಜೊತೆ ಸರಿಯಾಗಿ ಓಡುತ್ತದೆ. ಇದೊಂದೇ ಹಾಡು ಹೀಗೆ. ರೆಕಾರ್ಡ್ ನಕಲಿ ಇರಬಹುದಾ?

ಸೂಜಿ ಬದಲಿಸಿ (ಊರು ಹಾಕಿಲ್ಲ)

ಬೆಲ್ಟ್ ಸಡಿಲ ಆಗಿರುತ್ತದೆ ಸರ್. ಹೊಸದು ಹಾಕಿಸಿ, ಸರಿ ಹೋಗುತ್ತದೆ.

ಫರಸಿಕಲ್ಲು, ಕಲಬುರಗಿ

ಬೆಲ್ಟ್ ಸಡಿಲ ಆದರೆ ನಿಧಾನ ಆಗಬೇಕಲ್ರಿ, ಜೋರು ಹ್ಯಾಗೆ ಆಗುತ್ತದೆ? ಮೇಲೆ ನೂರು ಸುತ್ತು ಅಂತ ಬರೆದಿದ್ದೇನೆ, ಓದಿ.

ಬಿದ್ರಿ ಹೂಜಿ, ಬೀದರ್

ರೆಕಾರ್ಡ್ ನಕಲಿ ಅಲ್ಲ, ಪ್ಲೇಯರ್ ಕೆಟ್ಟಿಲ್ಲ, ಫೋನೂ ಸರಿ ಇದೆ. ನಿಮ್ಮ ಕಾಕಾನ ಹತ್ತಿರ ಇರುವುದು ಮಾನೋ, ಅಂದರೆ ಸದ್ದೆಲ್ಲ ಒಂದೇ ದಾರಿಯಲ್ಲಿ ಬರುವಂಥದ್ದು. ಸ್ಟೀರಿಯೋದಲ್ಲಿ ಎಡ, ಬಲ ಅಂತ ಎರಡು ದಾರಿ. ಕವರ್ ಮೇಲೆ ನಂಬರ್ ನೋಡಿ. ಪಿಎಂಸಿ 7027 ಅಂತ ಇದ್ದರೆ ಮಾನೋ, ಪಿಸಿಎಸ್ 7027 ಇದ್ದರೆ ಸ್ಟೀರಿಯೋ.

1967ರಲ್ಲಿ ಈ ರೆಕಾರ್ಡ್ ಬಂದಾಗ ಇಂಗ್ಲೆಂಡಿನಲ್ಲಿ ಬಹಳ ಮನೆಗಳಲ್ಲಿ ಇದ್ದದ್ದು ಒಂದೇ ಸ್ಪೀಕರಿನ ಪ್ಲೇಯರ್. ಹಾಗಾಗಿ ಬ್ಯಾಂಡಿನವರು ಜೀವ ಸುರಿದದ್ದೆಲ್ಲ ಮಾನೋ ಮಿಕ್ಸಿಗೆ (ಟೇಪಿನ ದನಿ, ವಾದ್ಯ ಎಲ್ಲ ಹದವಾಗಿ ಕೂಡಿಸುವುದೇ ಮಿಕ್ಸ್). ತಾವೇ ಸ್ಟುಡಿಯೋದಲ್ಲಿ ಕೂತು ಮಾಡಿಸಿದರು. ಸ್ಟೀರಿಯೋ ಮಿಕ್ಸನ್ನು ಅವರ ನಿರ್ಮಾಪಕ ಜಾರ್ಜ್ ಮಾರ್ಟಿನ್ ಮತ್ತು ಎಂಜಿನಿಯರುಗಳು ಬೇಗ ಬೇಗ ಮುಗಿಸಿದರು. ಈ ಹಾಡಿನ ಮಾನೋ ಮಾಡುವಾಗ ಬೇಕಂತಲೇ ಟೇಪನ್ನು ಜೋರಾಗಿ ಓಡಿಸಿದ್ದರು. ಸ್ಟೀರಿಯೋದಲ್ಲಿ ಹಾಗೆ ಮಾಡಲಿಲ್ಲ. ಒಂದೇ ಟೇಪು, ಎರಡು ವೇಗ. ನಿಮ್ಮ 9 ಸೆಕೆಂಡ್ ಹೋದದ್ದು ಅಲ್ಲೇ.

ತಮಾಷೆ ಏನೆಂದರೆ, 1987ರಲ್ಲಿ ಸಿಡಿ ಬಂದಾಗ ಈ ಆಲ್ಬಮ್ಮಿನ ಸ್ಟೀರಿಯೋ ಮಾತ್ರ ಬಂತು. ಮಾನೋ ಸಿಡಿ ಬರಲು 2009ರ ತನಕ ಕಾಯಬೇಕಾಯಿತು. ಅಷ್ಟು ಹೊತ್ತಿಗೆ ಜಗತ್ತೆಲ್ಲ ನಿಧಾನದ ಹಾಡನ್ನೇ ಅಸಲಿ ಅಂತ ನಂಬಿ ಕೂತಿತ್ತು. 2017ರಲ್ಲಿ ಜಾರ್ಜ್ ಮಾರ್ಟಿನ್ ಮಗ ಜೈಲ್ಸ್ ಹೊಸ ಸ್ಟೀರಿಯೋ ಮಿಕ್ಸ್ ಮಾಡಿದಾಗ ಮತ್ತೆ ಮಾನೋದ ವೇಗಕ್ಕೇ ಹೋದರು. ನಿಮ್ಮ ಫೋನಿನಲ್ಲಿ ಹಾಡಿನ ಹೆಸರಿನ ಪಕ್ಕ 2009 ಅಂತ ಇದೆಯಾ, 2017 ಅಂತ ಇದೆಯಾ ನೋಡಿ.

ಇಂಥವು ಇನ್ನೂ ಇವೆ. 'ಹೆಲ್ಟರ್ ಸ್ಕೆಲ್ಟರ್' ಸ್ಟೀರಿಯೋದಲ್ಲಿ ಹಾಡು ಮುಗಿದ ಹಾಗೆ ಮಾಡಿ ಮತ್ತೆ ಎದ್ದು ಬರುತ್ತದೆ, ಕೊನೆಗೆ ಡ್ರಮ್ಮರ್ ರಿಂಗೋ ಬೆರಳಿಗೆ ಬೊಬ್ಬೆ ಬಂತು ಅಂತ ಕಿರುಚುತ್ತಾನೆ. ಮಾನೋದಲ್ಲಿ ಆ ಕಿರುಚಾಟವೇ ಇಲ್ಲ. 'ಫ್ರಮ್ ಮಿ ಟು ಯು' ಮಾನೋದಲ್ಲಿ ಹಾರ್ಮೋನಿಕಾದಿಂದ ಶುರು, ಸ್ಟೀರಿಯೋದಲ್ಲಿ ಶುರುವಿಗೆ ಹಾರ್ಮೋನಿಕಾ ಇಲ್ಲ.

ಆದರೆ ಇವೆಲ್ಲ ಮಿಕ್ಸಿನ ವ್ಯತ್ಯಾಸ. ಟೇಕ್, ಅಂದರೆ ಹಾಡಿ ಬಾರಿಸಿ ರೆಕಾರ್ಡ್ ಮಾಡಿದ ಸರದಿಯೇ ಬೇರೆ ಆಗುವುದು ಇನ್ನೊಂದು ಕಥೆ. 'ಲವ್ ಮಿ ಡೂ' ಹಾಡನ್ನು 1962ರಲ್ಲಿ ಮೂರು ಸಲ ರೆಕಾರ್ಡ್ ಮಾಡಿದರು, ಮೂರು ಸಲವೂ ಡ್ರಮ್ ಬಾರಿಸಿದವರು ಬೇರೆ ಬೇರೆ. ಜೂನ್‌ನಲ್ಲಿ ಆಗಿನ ಡ್ರಮ್ಮರ್ ಪೀಟ್ ಬೆಸ್ಟ್, ಸೆಪ್ಟೆಂಬರ್ 4ಕ್ಕೆ ರಿಂಗೋ, ಸೆಪ್ಟೆಂಬರ್ 11ಕ್ಕೆ ಆಂಡಿ ವೈಟ್ ಎಂಬ ಬಾಡಿಗೆ ಡ್ರಮ್ಮರ್. ಆವತ್ತು ಪಾಪ ರಿಂಗೋ ಕೈಗೆ ಟ್ಯಾಂಬರೀನ್ (ಝಲ್ ಝಲ್ ಅನ್ನುವ ಕೈವಾದ್ಯ) ಕೊಟ್ಟು ಬದಿಗೆ ನಿಲ್ಲಿಸಿದರು. ಗುರುತು ಅದೇ. ಟ್ಯಾಂಬರೀನ್ ಕೇಳಿದರೆ ಆಂಡಿ ವೈಟ್. ಪೀಟ್ ಬೆಸ್ಟ್ ಬಾರಿಸಿದ್ದು 1995ರಲ್ಲಿ 'ಆಂಥಾಲಜಿ' ಮೊದಲ ಭಾಗದಲ್ಲಿ ಹೊರಗೆ ಬಂತು. ಕೇಳಿದರೆ ಅವನನ್ನು ಯಾಕೆ ಬದಲಿಸಿದರು ಅಂತ ಗೊತ್ತಾಗುತ್ತದೆ, ನಡುವೆ ತಾಳ ಎತ್ತಲೋ ಹೋಗುತ್ತದೆ. ಇದು ನನ್ನ ಅಭಿಪ್ರಾಯ, ಜಗಳಕ್ಕೆ ಬರಬೇಡಿ.

ಭಜನಿ ಪೆಟಿಗೆ, ಯಾದಗಿರಿ

ಬಿದ್ರಿ ಅಣ್ಣ ಹೇಳಿದ್ದನ್ನು ನಾನು ಪೆಟಿಗೆ (ಹಾರ್ಮೋನಿಯಂ) ಹಿಡಿದು ನೋಡಿದೆ. 2009ರದ್ದು ಹಾಕಿದರೆ ಬಿಳಿ ಮೂರನೇ ಮನೆಗೆ ಕೂಡುತ್ತದೆ. 2017ರದ್ದು ಬಿಳಿ ನಾಲ್ಕಕ್ಕೆ. ಒಂದು ಮನೆ ಏರುತ್ತದೆ ನೋಡಿ. ದನಿ ಎಳೆಯದಾಗಿ ಕೇಳಿದ್ದು ಅದಕ್ಕೇ. ಆ ಹಾಡಿನಲ್ಲಿ ಬ್ಯಾಂಡಿನವರು ಯಾರೂ ವಾದ್ಯ ಮುಟ್ಟಿಲ್ಲ, ಪಾಲ್ ಮತ್ತು ಜಾನ್ ಹಾಡಿದ್ದಾರೆ ಅಷ್ಟೇ. ಉಳಿದದ್ದೆಲ್ಲ ಹಾರ್ಪು, ಪಿಟೀಲು, ಚೆಲೋ ಥರದ ತಂತಿ ವಾದ್ಯ.

ಅಲ್ಲಾ, ಒಂದು ಹಾಡಿಗೆ ಎರಡು ರೂಪ ಇದ್ದರೆ ಇಷ್ಟು ಗಾಬರಿ ಯಾಕೆ? ಕಡಕೋಳ ಮಡಿವಾಳಪ್ಪನವರ ಪದ ನಮ್ಮೂರಿನ ಭಜನಿಯಲ್ಲಿ ಒಂದು ಧಾಟಿ, ಪಕ್ಕದೂರಿಗೆ ಹೋದರೆ ಇನ್ನೊಂದು. ಯಾವುದು ಅಸಲಿ ಅಂತ ಯಾರೂ ಕೇಳುವುದಿಲ್ಲ. ನನ್ನನ್ನು ಕೇಳಿದರೆ ನಮ್ಮೂರಿಂದೇ ಅಸಲಿ, ಅದು ಬೇರೆ ಮಾತು.

ನನಗೆ ಜಾಸ್ತಿ ಇಷ್ಟ 'ದಿ ಇನ್ನರ್ ಲೈಟ್'. 1968ರ ಜನವರಿಯಲ್ಲಿ ಬ್ಯಾಂಡಿನ ಜಾರ್ಜ್ ಹ್ಯಾರಿಸನ್ ಮುಂಬೈಯ ಎಚ್‌ಎಂವಿ ಸ್ಟುಡಿಯೋಗೆ ಬಂದು ನಮ್ಮ ಕಲಾವಿದರಿಂದ ವಾದ್ಯ ನುಡಿಸಿಕೊಂಡು ಹೋದರು. ಹಾಡಿದ್ದು ಆಮೇಲೆ ಲಂಡನ್ನಿನಲ್ಲಿ. ಮಾರ್ಚ್‌ನಲ್ಲಿ 'ಲೇಡಿ ಮಡೋನಾ' ಹಿಂದಿನ ಮಗ್ಗಲಿಗೆ ಬಂತು. 2018ರ 'ವೈಟ್ ಆಲ್ಬಮ್' ದೊಡ್ಡ ಪೆಟ್ಟಿಗೆಯಲ್ಲಿ ಅದರ ವಾದ್ಯ ಮಾತ್ರ ಇರುವ ಆರನೇ ಟೇಕ್ ಇದೆ. ಹಾಡು ಇಲ್ಲದೆ ಕೇಳಿದರೆ ಕೊಳಲು, ಶಹನಾಯಿ ಎಲ್ಲ ಎದುರಿಗೇ ಕೂತು ನುಡಿಸಿದಂತೆ. ಇಂಗ್ಲಿಷ್ ಹಾಡೆಂದರೆ ಮೂಗು ಮುರಿಯುವ ನಮ್ಮ ಅವ್ವಗೆ ಹಾಕಿ ಕೇಳಿಸಿದೆ. "ಯಾರ ಮದುವ್ಯಾಗ ಬಾರಿಸ್ಯಾರ?" ಅಂದಳು.

ಫರಸಿಕಲ್ಲು, ಕಲಬುರಗಿ

ಕವರ್ ನೋಡಿದೆ. ನಂಬರ್ ಮೇಲೆ ಯಾವ ಕಾಲದ್ದೋ ಅರಿಶಿಣದ ಕಲೆ ಇತ್ತು. ಒದ್ದೆ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿದರೆ ಪಿಎಂಸಿ 7027! ಫೋನಿನಲ್ಲಿ ಇದ್ದದ್ದು 2009. ಕಾಕಾಗೆ ಎಲ್ಲ ಓದಿ ಹೇಳಿದೆ. "ನಾ ಏನ್ ಹೇಳಿದ್ದೆ ನಿನಗ?" ಅಂದರು. ಆಮೇಲೆ ಚಹಾ ಕುಡಿಯುವ ತನಕ ನಾಲ್ಕು ಸಲ ಅದನ್ನೇ ಅಂದರು.

ಬಿದ್ರಿ ಹೂಜಿ, ಬೀದರ್

ಹಾಗಾದರೆ ಇನ್ನೊಂದು ಕೆಲಸ ಮಾಡಿ. ಎರಡನೇ ಮಗ್ಗಲು ಪೂರ್ತಿ ಮುಗಿಯಲಿ, ಸೂಜಿ ಎತ್ತಬೇಡಿ. ಬ್ರಿಟನ್ನಿನ ಮೊದಲ ಪ್ರತಿಗಳಲ್ಲಿ ಕೊನೆಯ ಪಿಯಾನೋ ಸದ್ದು ಆರಿದ ಮೇಲೆ 15 ಸಾವಿರ ಹರ್ಟ್ಸಿನ ಒಂದು ಸಿಳ್ಳೆ ಇದೆ, ನಾಯಿಗಳಿಗೆ ಅಂತ. ಅದಾದ ಮೇಲೆ ಒಳಗಿನ ಗೆರೆಯಲ್ಲಿ ಅರ್ಥವಿಲ್ಲದ ಮಾತು. ಆ ಗೆರೆ ಸುತ್ತಿ ಸುತ್ತಿ ಅಲ್ಲಿಗೇ ಬರುವುದರಿಂದ ನೀವು ಎತ್ತುವ ತನಕ ಮುಗಿಯುವುದಿಲ್ಲ. ತಾನೇ ಸೂಜಿಯ ಕೈ ಎತ್ತುವ ಪ್ಲೇಯರ್ ಇದ್ದವರಿಗೆ ಇದು ಒಂದು ಕ್ಷಣ ಕೇಳಿದರೆ ಹೆಚ್ಚು.

ಫರಸಿಕಲ್ಲು, ಕಲಬುರಗಿ

ನಮ್ಮದೂ ತಾನೇ ಎತ್ತುವ ಪ್ಲೇಯರ್ರೇ. ಅದರ ಗುಂಡಿ ಬಂದ್ ಮಾಡಿ ನಿನ್ನೆ ಸಂಜೆ ಹಾಕಿದೆವು. ಪಿಯಾನೋ ಸದ್ದು ಆರಿತು. ಸಿಳ್ಳೆ ನಮಗೆ ಕೇಳಲಿಲ್ಲ. ಬಾಗಿಲ ಫರಸಿ ಮೇಲೆ ಮಲಗಿದ್ದ ಓಣಿಯ ನಾಯಿ ಕಿವಿ ಕೂಡ ಅಲ್ಲಾಡಿಸಲಿಲ್ಲ. ಮಗಳು ಮಾತ್ರ ಏನೋ ಚುಯ್ ಅಂತು ಅಂದಳು.

ಆಮೇಲೆ ಮಾತು ಶುರು ಆಯಿತು. ಎರಡು ಸೆಕೆಂಡಿನ ಗದ್ದಲ, ನಗು, ಮತ್ತೆ ಅದೇ, ಮತ್ತೆ ಅದೇ. ಅಷ್ಟು ವರ್ಷ ಆ ರೆಕಾರ್ಡ್ ಇಟ್ಟುಕೊಂಡ ಕಾಕಾ ಒಮ್ಮೆಯೂ ಅದನ್ನು ಕೇಳಿರಲಿಲ್ಲ. ಕಿವಿಯ ಮಿಷಿನ್ ಸರಿ ಮಾಡಿಕೊಂಡು ಸ್ಪೀಕರಿನ ಹತ್ತಿರ ಬಗ್ಗಿದರು. ನಾನು ಸೂಜಿ ಎತ್ತಲು ಕೈ ಚಾಚಿದರೆ ಕೈ ಹಿಡಿದರು. ಹತ್ತು ನಿಮಿಷ ಹಾಗೇ ನಡೆಯಿತು. ಕರೆಂಟ್ ಹೋಯಿತು. ಆ ಮಾತು ದಪ್ಪ ಆಗುತ್ತಾ, ಎಳೆಯುತ್ತಾ ನಿಂತಿತು. "ಕರೆಂಟ್ ಬರ್ಲಿ, ಮತ್ತ ಹಚ್ಚು" ಅಂದರು ಕಾಕಾ.