ಗಾಜಿನ ಕಲಾವಿದ ಬಣ್ಣ ಸುರಿದಿದ್ದೇಕೆ?

ಪ್ರಶ್ನೆ: ಸಿಯಾಟಲ್‌ಗೆ ಮಗಳ ಮನೆಗೆ ಬಂದಿದ್ದೇನೆ. ನಿನ್ನೆ ಸ್ಪೇಸ್ ನೀಡಲ್ ಗೋಪುರದ ಪಕ್ಕದಲ್ಲಿರುವ ಡೇಲ್ ಚಿಹೂಲಿ ಅವರ ಗಾಜಿನ ಮ್ಯೂಸಿಯಂ ನೋಡಿದೆವು. ಗಾಜಿಗಿಂತ ಜಾಸ್ತಿ ಹೊತ್ತು ನಾನು ನಿಂತಿದ್ದು ಅವರ ದೊಡ್ಡ ಚಿತ್ರಗಳ ಮುಂದೆ. ಆಕಾರ ಗೊತ್ತಾಗಲ್ಲ, ಬರೀ ಬಣ್ಣದ ಓಟ. ಗಾಜು ಊದುವವರಿಗೆ ಇದೇಕೆ ಬೇಕಾಯಿತು?

ಉತ್ತರ: 1976ರಲ್ಲಿ ಇಂಗ್ಲೆಂಡಿನಲ್ಲಿ ಕಾರು ಅಪಘಾತವಾಗಿ ಅವರ ಎಡಗಣ್ಣು ಹೋಯಿತು. 1979ರಲ್ಲಿ ಭುಜಕ್ಕೆ ಪೆಟ್ಟಾಯಿತು. ಆಮೇಲೆ ಗಾಜು ಊದುವ ಕೊಳವೆಯನ್ನು ಬೇರೆಯವರ ಕೈಗೆ ಕೊಟ್ಟರು. ತಲೆಯಲ್ಲಿದ್ದದ್ದನ್ನು ತಂಡಕ್ಕೆ ತೋರಿಸಲು ಚಿತ್ರವೇ ದಾರಿಯಾಯಿತು.

ಇನ್ನೊಂದು ಉತ್ತರ: ಕಾಗದವನ್ನು ನೆಲಕ್ಕೆ ಹಾಸಿ, ಅಕ್ರಿಲಿಕ್ ಬಣ್ಣವನ್ನು ಬಾಟಲಿಯಿಂದಲೇ ಸುರಿಯುತ್ತಾರೆ. ಪೊರಕೆಯಲ್ಲೂ ಎಳೆದಿದ್ದಾರೆ.

ಕೇಳಿದವರು: ನೆಲದ ಮೇಲಾ! ನಾನು ದಿನಾ ಬಗ್ಗಿ ರಂಗೋಲಿ ಹಾಕುವವಳು. ಆ ಗೆರೆಗಳಲ್ಲಿ ಮೈಯ ಭಾರ ಇದೆ ಅಂತ ಅನಿಸಿದ್ದು ಸುಮ್ನೆ ಅಲ್ಲ. ಶನಿವಾರ ಮತ್ತೆ ಹೋಗುತ್ತೇನೆ.