ಜಾಯ್-ಕಾನ್‌ಗೆ ಬಣ್ಣ ಬರೆಯುವ ಮುಂಚೆ ಬ್ಯಾಕಪ್: ಕಂಟ್ರೋಲರ್ ರಿಪೇರಿಯವರ ಜೊತೆ ಗುಂಪಿನ ಸದಸ್ಯರ ಪ್ರಶ್ನೋತ್ತರ

ಪ್ರಶ್ನೆ (ಮೈಸೂರಿನ ಸದಸ್ಯೆ):
ನಮಸ್ಕಾರ ಸರ್. ಮಗಳ ಹತ್ತಿರ ನಿಂಟೆಂಡೊ ಸ್ವಿಚ್ ಅನ್ನುವ ವಿಡಿಯೊ ಗೇಮ್ ಕನ್ಸೋಲ್ ಇದೆ. ಅವಳ ಸೋದರಮಾವ ದುಬೈನಿಂದ ತಂದುಕೊಟ್ಟಿದ್ದು. ಅದರ ಎರಡೂ ಜಾಯ್-ಕಾನ್‌ಗೆ (ಎಡ, ಬಲ ಕೈಯ ಕಂಟ್ರೋಲರ್‌ಗಳು) ಹಸಿರು ಶೆಲ್, ಅಂದರೆ ಹೊರಕವಚ, ಹಾಕಿಸಿದೆವು. ಆದರೆ ಟಿವಿ ಪರದೆಯಲ್ಲಿ ಈಗಲೂ ಹಳೇ ನೀಲಿ-ಕೆಂಪು ಬಣ್ಣವೇ ಕಾಣುತ್ತದೆ. ಜಾಯ್-ಕಾನ್ ಟೂಲ್‌ಕಿಟ್ ಅಂತ ಒಂದು ಹೋಂಬ್ರೂ (ಕಂಪನಿಯದಲ್ಲದ, ಹವ್ಯಾಸಿಗಳು ಬರೆದ) ಸಾಫ್ಟ್‌ವೇರ್‌ನಲ್ಲಿ ಈ ಬಣ್ಣ ಬದಲಿಸಬಹುದಂತೆ. ಮಾಡಿದರೆ ಕಂಟ್ರೋಲರ್ ಕೆಡುತ್ತದಾ? ಇನ್ನೊಂದು ತೊಂದರೆಯೂ ಇದೆ. ಎಡಗಡೆಯದರ ಸ್ಟಿಕ್ ಮುಟ್ಟದೇ ಇದ್ದರೂ ಆಟದ ಪಾತ್ರ ತಾನಾಗಿ ನಡೆಯುತ್ತದೆ. ಅದೂ ಇದರಲ್ಲೇ ಸರಿಹೋಗುತ್ತದಾ?

ಉತ್ತರ:
ನಮಸ್ಕಾರ ಮೇಡಂ. ಬಣ್ಣ ಖಂಡಿತ ಬದಲಿಸಬಹುದು. ಕೆಡುವ ಭಯ ಜಾಸ್ತಿ ಬೇಡ. ಆದರೆ ಒಂದೇ ಒಂದು ಅಕ್ಷರ ಬರೆಯುವ ಮುಂಚೆಯೂ ಪೂರ್ತಿ ಬ್ಯಾಕಪ್ ತೆಗೆಯಲೇಬೇಕು. ಯಾಕೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಕನ್ಸೋಲ್‌ಗೆ ನಿಮ್ಮ ಶೆಲ್‌ನ ಬಣ್ಣ ಕಾಣುವುದಿಲ್ಲ. ಪ್ರತಿ ಜಾಯ್-ಕಾನ್ ಒಳಗೆ 512 ಕೆಬಿಯ ಒಂದು ಫ್ಲ್ಯಾಶ್ ಮೆಮೊರಿ ಚಿಪ್ ಇದೆ. ಬಣ್ಣವನ್ನು ಅಲ್ಲಿ ಬರೆದಿಟ್ಟಿರುತ್ತಾರೆ. ಮೈಗೆ 3 ಬೈಟ್, ಬಟನ್‌ಗಳಿಗೆ 3 ಬೈಟ್, ಅಷ್ಟೇ. ಕನ್ಸೋಲ್ ಅದನ್ನು ಓದಿ ಪರದೆಯಲ್ಲಿ ತೋರಿಸುತ್ತದೆ. ಟೂಲ್‌ಕಿಟ್ ಬದಲಿಸುವುದು ಆ ಬೈಟ್‌ಗಳನ್ನೇ.

ಅದೇ ಚಿಪ್‌ನಲ್ಲಿ, ಬಣ್ಣದ ಆಸುಪಾಸಿನಲ್ಲೇ, ಬೇರೆ ಬೆಲೆಬಾಳುವ ಸಂಗತಿಗಳೂ ಇವೆ. ಸೀರಿಯಲ್ ನಂಬರ್ ಇದೆ. ಸ್ಟಿಕ್‌ನ ಫ್ಯಾಕ್ಟರಿ ಕ್ಯಾಲಿಬ್ರೇಶನ್, ಅಂದರೆ ಅದರ ನಡು, ಅಂಚು ಎಲ್ಲಿ ಅನ್ನುವ ಅಳತೆ ಇದೆ. ಕಂಟ್ರೋಲರ್ ಓರೆಯಾದದ್ದು, ತಿರುಗಿದ್ದು ಗೊತ್ತು ಮಾಡುವ ಸೆನ್ಸರ್‌ನ ಕ್ಯಾಲಿಬ್ರೇಶನ್ ಇದೆ. ಈ ಅಂಕಿಗಳು ಎಲ್ಲ ಜಾಯ್-ಕಾನ್‌ಗೂ ಒಂದೇ ಅಲ್ಲ. ನಿಮ್ಮ ಕೈಯಲ್ಲಿರುವ ಅದೊಂದೇ ತುಂಡನ್ನು ಫ್ಯಾಕ್ಟರಿಯಲ್ಲಿ ಅಳೆದು ಬರೆದದ್ದು. ಅಳಿಸಿಹೋದರೆ ಇಂಟರ್‌ನೆಟ್‌ನಲ್ಲಿ ಎಲ್ಲೂ ಸಿಗುವುದಿಲ್ಲ, ನನ್ನ ಹತ್ತಿರವೂ ಇರುವುದಿಲ್ಲ. ನಮ್ಮಲ್ಲಿರುವ ಸ್ವಿಚ್‌ಗಳು ಬಹುತೇಕ ನಿಮ್ಮದರ ಹಾಗೆ ಹೊರದೇಶದಿಂದ ಬಂದವು. ಕಂಪನಿಯ ಸರ್ವಿಸ್‌ಗೆ ಕೊಡೋಣ ಅಂದರೂ ಕಷ್ಟ. ಅದಕ್ಕೇ ನಿಮ್ಮ ಬ್ಯಾಕಪ್ ಫೈಲೇ ನಿಮಗೆ ಆಧಾರ.

ಈಗ ಕೆಲಸಕ್ಕೆ ಬರೋಣ. ಟೂಲ್‌ಕಿಟ್ ವಿಂಡೋಸ್ ಕಂಪ್ಯೂಟರ್‌ನಲ್ಲಿ ನಡೆಯುತ್ತದೆ. ಅದರ ಮೂಲ ಕೋಡ್ ಗಿಟ್‌ಹಬ್ ಅನ್ನುವ ಕೋಡ್ ಹಂಚುವ ತಾಣದಲ್ಲಿ ಎಲ್ಲರಿಗೂ ತೆರೆದಿದೆ, ಅಲ್ಲಿಂದಲೇ ಇಳಿಸಿಕೊಳ್ಳಿ. ಬೇರೆ ಡೌನ್‌ಲೋಡ್ ಸೈಟ್‌ಗಳ ಸಹವಾಸ ಬೇಡ. ಜಾಯ್-ಕಾನ್ ಪೂರ್ತಿ ಚಾರ್ಜ್ ಆಗಿರಲಿ. ಕನ್ಸೋಲ್‌ನಿಂದ ತೆಗೆದು, ಹಳಿಯ ಮೇಲಿರುವ ಪುಟ್ಟ ದುಂಡು ಬಟನ್ ಒತ್ತಿ ಹಿಡಿಯಿರಿ. ದೀಪಗಳು ಓಡಾಡಲು ಶುರುವಾಗುತ್ತವೆ. ಆಗ ಕಂಪ್ಯೂಟರ್‌ನ ಬ್ಲೂಟೂತ್‌ಗೆ ಜೋಡಿಸಿ.

ಟೂಲ್‌ಕಿಟ್ ತೆರೆದ ಮೇಲೆ ಮೊದಲು ಪೂರ್ತಿ ಬ್ಯಾಕಪ್ ಕೊಡಿ. ತಾಳ್ಮೆ ಬೇಕು. ಒಂದು ಸಲ ಕೇಳಿದರೆ ಜಾಯ್-ಕಾನ್ ಹೆಚ್ಚೆಂದರೆ 29 ಬೈಟ್ ಕೊಡುತ್ತದೆ. 512 ಕೆಬಿ ಓದಲು 18 ಸಾವಿರಕ್ಕೂ ಹೆಚ್ಚು ಸಲ ಕೇಳಬೇಕು. ಅಷ್ಟು ಹೊತ್ತು ಕಂಟ್ರೋಲರ್ ಕಂಪ್ಯೂಟರ್ ಪಕ್ಕದಲ್ಲೇ ಇರಲಿ, ಲ್ಯಾಪ್‌ಟಾಪ್ ಸ್ಲೀಪ್‌ಗೆ ಹೋಗದಿರಲಿ. ಮುಗಿದ ಮೇಲೆ ಫೈಲ್‌ನ ಗಾತ್ರ ನೋಡಿ. ಸರಿಯಾಗಿ 524288 ಬೈಟ್ ಇರಬೇಕು. ಒಂದಾದರೂ ಕಡಿಮೆ ಇದ್ದರೆ ಅದನ್ನು ನಂಬಬೇಡಿ, ಮತ್ತೆ ತೆಗೆಯಿರಿ.

ಆಮೇಲೆ ಬಣ್ಣ ಆರಿಸಿ, ಬರೆಯಿರಿ. ಮುಗಿದ ಮೇಲೆ ಜಾಯ್-ಕಾನ್ ಅನ್ನು ಕನ್ಸೋಲ್‌ನ ಹಳಿಗೆ ತಳ್ಳಿದರೆ ಅದು ಕನ್ಸೋಲ್ ಜೊತೆ ಮತ್ತೆ ಜೋಡಿಯಾಗುತ್ತದೆ.

ಇನ್ನು ಸ್ಟಿಕ್ ತಾನಾಗಿ ಓಡುವುದು. ಇದನ್ನು ಡ್ರಿಫ್ಟ್ ಅನ್ನುತ್ತಾರೆ. ಸ್ಟಿಕ್‌ನ ಅಡಿಯಲ್ಲಿ ತೆಳ್ಳನೆಯ ಕಾರ್ಬನ್ ಪಟ್ಟಿ ಇದೆ, ಅದರ ಮೇಲೆ ಪುಟ್ಟ ಲೋಹದ ಬೆರಳು ಉಜ್ಜುತ್ತಾ ಓಡಾಡುತ್ತದೆ. ಅದು ಎಲ್ಲಿ ನಿಂತಿದೆ ಅನ್ನುವುದು 0ಯಿಂದ 4095ರ ನಡುವಿನ ಒಂದು ಅಂಕಿಯಾಗಿ ಬರುತ್ತದೆ. ಉಜ್ಜಿ ಉಜ್ಜಿ ಪಟ್ಟಿ ಸವೆದರೆ ಅಂಕಿ ತಪ್ಪುತ್ತದೆ. ಟೂಲ್‌ಕಿಟ್‌ನಲ್ಲಿ ಈ ಕಚ್ಚಾ ಅಂಕಿ ಕಾಣುತ್ತದೆ. ಸ್ಟಿಕ್ ಮುಟ್ಟದೇ ಅದನ್ನು ಒಂದು ನಿಮಿಷ ನೋಡಿ. ಅಂಕಿ ಒಂದೇ ಕಡೆ ನಿಂತಿದ್ದು, ಆ ಜಾಗ ಮಾತ್ರ ನಡುವಿನಿಂದ ಸರಿದಿದ್ದರೆ ಕ್ಯಾಲಿಬ್ರೇಶನ್ ಸಾಕು. ಅಂಕಿಯೇ ಎಗರಾಡುತ್ತಿದ್ದರೆ ಸಾಫ್ಟ್‌ವೇರ್‌ನಿಂದ ಏನೂ ಆಗುವುದಿಲ್ಲ, ಸ್ಟಿಕ್ ಬದಲಿಸಬೇಕು.

ಡೆಡ್ ಝೋನ್ ಹೆಚ್ಚಿಸಿ ಅಂತ ಕೆಲವರು ಹೇಳುತ್ತಾರೆ. ನಡುವಿನಿಂದ ಎಷ್ಟು ದೂರದವರೆಗೆ ಅಲುಗಾಟವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು ಅನ್ನುವ ಅಳತೆ ಅದು. ಜಾಯ್-ಕಾನ್‌ನಲ್ಲಿ ಸಾಮಾನ್ಯವಾಗಿ 174 ಇರುತ್ತದೆ. ಸ್ವಲ್ಪ ಏರಿಸಿದರೆ ಸಣ್ಣ ಡ್ರಿಫ್ಟ್ ಮರೆಯಾಗುತ್ತದೆ ನಿಜ. ಆದರೆ ಮೆಲ್ಲಗೆ ಸ್ಟಿಕ್ ಸರಿಸುವ ಸೂಕ್ಷ್ಮವೂ ಹೋಗುತ್ತದೆ. ಸವೆದ ಸ್ಟಿಕ್ ಇನ್ನೂ ಸವೆಯುತ್ತಲೇ ಇರುತ್ತದೆ. ಹೊಸ ಸ್ಟಿಕ್ ಸಿಗುವವರೆಗಿನ ತಾತ್ಕಾಲಿಕ ಏರ್ಪಾಡು ಅಂದುಕೊಂಡರೆ ಸರಿ.

ಅದೇ ಸದಸ್ಯೆ:
ತುಂಬಾ ಥ್ಯಾಂಕ್ಸ್ ಸರ್. ಎರಡೂ ಜಾಯ್-ಕಾನ್‌ಗೆ ಒಂದೇ ಬ್ಯಾಕಪ್ ಸಾಕಾ? ಮತ್ತೆ ಆ ಫೈಲ್ ಈ ಗುಂಪಿನಲ್ಲೇ ಹಾಕಿಟ್ಟರೆ ಕಳೆದುಹೋಗುವುದಿಲ್ಲ ಅಲ್ವಾ?

ಉತ್ತರ:
ಎರಡಕ್ಕೂ ಬೇರೆ ಬೇರೆ ಬೇಕು ಮೇಡಂ. ಫೈಲ್ ಹೆಸರಿನಲ್ಲೇ ಎಡ, ಬಲ, ಸೀರಿಯಲ್‌ನ ಕೊನೆಯ ನಾಲ್ಕು ಅಂಕಿ ಬರೆದಿಡಿ. ಒಂದರ ಫೈಲ್ ಇನ್ನೊಂದಕ್ಕೆ ಯಾವತ್ತೂ ಹಾಕಬಾರದು. ಅಳತೆ ತಪ್ಪುವುದು ಒಂದು ಕಡೆ ಇರಲಿ, ಬ್ಲೂಟೂತ್ ವಿಳಾಸವೂ ಆ ಚಿಪ್‌ನಲ್ಲೇ ಇದೆ. ಎರಡು ಕಂಟ್ರೋಲರ್‌ಗೆ ಒಂದೇ ವಿಳಾಸ ಬಂದರೆ ಕನ್ಸೋಲ್‌ಗೆ ಗೊಂದಲವಾಗುತ್ತದೆ.

ಗುಂಪಿನಲ್ಲಿ ದಯವಿಟ್ಟು ಹಾಕಬೇಡಿ. ಸೀರಿಯಲ್ ನಂಬರ್ ಜೊತೆಗೆ, ನಿಮ್ಮ ಕನ್ಸೋಲ್ ಅಥವಾ ಕಂಪ್ಯೂಟರ್ ಜೊತೆ ಜೋಡಿಯಾದಾಗಿನ ಗುಟ್ಟಿನ ಕೀಲಿಯೂ ಅದರಲ್ಲಿರುತ್ತದೆ. ನಿಮ್ಮದೇ ಡ್ರೈವ್‌ನಲ್ಲಿ ಒಂದು, ಪೆನ್‌ಡ್ರೈವ್‌ನಲ್ಲಿ ಒಂದು ಇಟ್ಟರೆ ಸಾಕು.

ಪ್ರಶ್ನೆ (ಧಾರವಾಡದ ಸದಸ್ಯರು):
ಸರ್, ನಾನು ಹಳೇ ಸ್ಟಿಕ್ ತೆಗೆಸಿ ಹಾಲ್ ಎಫೆಕ್ಟ್ ಸ್ಟಿಕ್ ಹಾಕಿಸಿದೆ. ಡ್ರಿಫ್ಟ್ ಹೋಯಿತು. ಆದರೆ ಸ್ಟಿಕ್ ಪೂರ್ತಿ ತಳ್ಳಿದರೂ ಪಾತ್ರ ಓಡುವುದಿಲ್ಲ, ನಡೆಯುತ್ತದೆ ಅಷ್ಟೇ. ಸ್ಟಿಕ್ಕೇ ದೋಷದ್ದಾ?

ಉತ್ತರ:
ದೋಷ ಇರಲಾರದು. ಹಾಲ್ ಎಫೆಕ್ಟ್ ಸ್ಟಿಕ್‌ನಲ್ಲಿ ಉಜ್ಜುವ ಪಟ್ಟಿ ಇಲ್ಲ, ಅಯಸ್ಕಾಂತ ಮತ್ತು ಸೆನ್ಸರ್ ಇವೆ. ಅದಕ್ಕೇ ಆ ಥರದ ಸವೆತ ಅದಕ್ಕಿಲ್ಲ. ಆದರೆ ಚಿಪ್‌ನಲ್ಲಿರುವ ಫ್ಯಾಕ್ಟರಿ ಅಳತೆ ನಿಮ್ಮ ಹಳೇ ಸ್ಟಿಕ್‌ನದ್ದು. ಹೊಸದರ ಅಂಚು ಎಲ್ಲಿದೆ ಅಂತ ಕಂಟ್ರೋಲರ್‌ಗೆ ಇನ್ನೂ ಯಾರೂ ಹೇಳಿಲ್ಲ.

ಕನ್ಸೋಲ್‌ನ ಸಿಸ್ಟಮ್ ಸೆಟ್ಟಿಂಗ್ಸ್‌ನಲ್ಲಿ ಕಂಟ್ರೋಲರ್ ಮತ್ತು ಸೆನ್ಸರ್ ವಿಭಾಗಕ್ಕೆ ಹೋಗಿ ಸ್ಟಿಕ್ ಕ್ಯಾಲಿಬ್ರೇಶನ್ ಮಾಡಿ. ಇದಕ್ಕೆ ಹೋಂಬ್ರೂ ಬೇಕಿಲ್ಲ. ಇಲ್ಲಿ ನಿಂಟೆಂಡೊದವರ ವ್ಯವಸ್ಥೆ ನನಗೆ ಬಹಳ ಇಷ್ಟ. ನೀವು ಮಾಡಿದ ಕ್ಯಾಲಿಬ್ರೇಶನ್ ಫ್ಯಾಕ್ಟರಿಯದನ್ನು ಅಳಿಸುವುದಿಲ್ಲ. ಚಿಪ್‌ನ ಬೇರೆ ಜಾಗದಲ್ಲಿ ಕೂರುತ್ತದೆ. ಅದರ ಮುಂದೆ ಎರಡು ಬೈಟ್‌ನ ಒಂದು ಗುರುತು ಬರೆಯುತ್ತಾರೆ. ಗುರುತು ಇದ್ದರೆ ನಿಮ್ಮ ಅಳತೆ, ಇಲ್ಲದಿದ್ದರೆ ಫ್ಯಾಕ್ಟರಿ ಅಳತೆ. ಹಾಗಾಗಿ ಎಷ್ಟು ಸಲ ಬೇಕಾದರೂ ಧೈರ್ಯವಾಗಿ ಮಾಡಿ.

ಪ್ರಶ್ನೆ (ಮಂಗಳೂರಿನ ಸದಸ್ಯರು):
ನನ್ನದು ಆನ್‌ಲೈನ್‌ನಲ್ಲಿ ಕಡಿಮೆ ಬೆಲೆಗೆ ತೆಗೆದುಕೊಂಡ, ಬ್ರ್ಯಾಂಡ್ ಹೆಸರಿಲ್ಲದ ಜಾಯ್-ಕಾನ್. ಬ್ಯಾಕಪ್ ತೆಗೆದೆ. ಫೈಲ್ ತೆರೆದರೆ ಬಹುಪಾಲು ಬರೀ ಎಫ್‌ಎಫ್ ಅಂತಲೇ ಇದೆ. ಬಣ್ಣ ಬರೆಯಬಹುದಾ?

ಉತ್ತರ:
ಬೇಡ. ಅಸಲಿಯಲ್ಲದ ಕಂಟ್ರೋಲರ್‌ಗಳಲ್ಲಿ ಹಲವು, ಸ್ವಿಚ್ ಕೇಳುವ ಕೆಲವು ಪ್ರಶ್ನೆಗಳಿಗೆ ಮಾತ್ರ ಉತ್ತರ ಕೊಡುವ ಹಾಗೆ ಮಾಡಿದಂಥವು. ಒಳಗೆ ಬೇರೆಯದೇ ಚಿಪ್ ಇರುತ್ತದೆ. ಅಸಲಿಯಲ್ಲೂ ಖಾಲಿ ಜಾಗ ಎಫ್‌ಎಫ್ ಅಂತಲೇ ಕಾಣುತ್ತದೆ, ಅದು ಸಹಜ. ಆದರೆ ಹೆಕ್ಸ್ 6000ದಿಂದ (ಹದಿನಾರರ ಎಣಿಕೆಯಲ್ಲಿ ಬರೆದ ಜಾಗದ ಗುರುತು) ಶುರುವಾಗುವ ಭಾಗದಲ್ಲಿ ಸೀರಿಯಲ್, ಕ್ಯಾಲಿಬ್ರೇಶನ್, ಬಣ್ಣ ಇರಬೇಕು. ಅಲ್ಲೂ ಖಾಲಿ ಇದ್ದರೆ ನಿಮ್ಮ ಫೈಲ್ ಬ್ಯಾಕಪ್ಪೇ ಅಲ್ಲ. ಮರಳಿ ಹಾಕಲು ಏನೂ ಇಲ್ಲದಿದ್ದಾಗ ಬರೆಯಲು ಹೋಗಬಾರದು. ಆಟಕ್ಕೆ ಬಳಸುವುದಕ್ಕೇನೂ ಅಡ್ಡಿಯಿಲ್ಲ. ಲಿನಕ್ಸ್‌ನಲ್ಲೂ ಬಳಸುತ್ತೀರಾ? ಅದರ ತಿರುಳಾದ ಕರ್ನಲ್‌ಗೆ 5.16 ಆವೃತ್ತಿಯಲ್ಲಿ ಸೇರಿದ ನಿಂಟೆಂಡೊ ಡ್ರೈವರ್, ಕ್ಯಾಲಿಬ್ರೇಶನ್ ಓದಲು ಆಗದಿದ್ದರೆ ತನ್ನದೇ ಸಾಮಾನ್ಯ ಅಳತೆ ಇಟ್ಟುಕೊಂಡು ಕೆಲಸ ನಡೆಸುತ್ತದೆ.

ಪ್ರಶ್ನೆ (ಬೆಂಗಳೂರಿನ ಇಂಜಿನಿಯರಿಂಗ್ ವಿದ್ಯಾರ್ಥಿ):
ಅಣ್ಣ, ಎಸ್‌ಪಿ ರಸ್ತೆಯಲ್ಲಿ ರಾಸ್ಪ್‌ಬೆರಿ ಪೈ ಪಿಕೊ ಅನ್ನುವ ಪುಟ್ಟ ಸರ್ಕ್ಯೂಟ್ ಬೋರ್ಡ್, ಬಟನ್‌ಗಳು ತಂದು ಫೈಟಿಂಗ್ ಆಟಕ್ಕೆ ಒಂದು ಕಂಟ್ರೋಲರ್ ಕಟ್ಟಿದ್ದೇನೆ. ಜಿಪಿ2040-ಸಿಇ ಫರ್ಮ್‌ವೇರ್ (ಬೋರ್ಡ್ ಅನ್ನು ನಡೆಸುವ ಒಳಗಿನ ಸಾಫ್ಟ್‌ವೇರ್) ಹಾಕಿದ್ದೇನೆ. ಹೊಸ ಆವೃತ್ತಿ ಹಾಕಬೇಕು. ಬಟನ್ ಜೋಡಣೆ, ಎಲ್‌ಇಡಿ ಬಣ್ಣ ಎಲ್ಲಾ ಉಳಿಯುತ್ತದಾ?

ಉತ್ತರ:
ಸ್ವಂತ ಕಟ್ಟಿದ್ದು ಕೇಳಿ ಖುಷಿಯಾಯಿತು. ಉಳಿಯಬಹುದು, ಹೋಗಲೂಬಹುದು. ಆವೃತ್ತಿಗಳ ನಡುವೆ ದೂರ ಜಾಸ್ತಿ ಇದ್ದರೆ ನಂಬಿ ಕೂರಬೇಡ. ಎಸ್2 ಬಟನ್ ಒತ್ತಿ ಹಿಡಿದು ಯುಎಸ್‌ಬಿ ಚುಚ್ಚು. ಬ್ರೌಸರ್‌ನಲ್ಲಿ 192.168.7.1 ತೆರೆ. ಅಲ್ಲಿ ಬ್ಯಾಕಪ್ ಪುಟವಿದೆ, ಸೆಟ್ಟಿಂಗ್ ಎಲ್ಲಾ ಒಂದು ಫೈಲ್ ಆಗಿ ಕಂಪ್ಯೂಟರ್‌ಗೆ ಬರುತ್ತದೆ. ಆಮೇಲೆ ಬೂಟ್‌ಸೆಲ್ ಬಟನ್ ಹಿಡಿದು ಚುಚ್ಚಿದರೆ ಪಿಕೊ ಪೆನ್‌ಡ್ರೈವ್ ಥರ ಕಾಣುತ್ತದೆ. ನಿನ್ನ ಬೋರ್ಡ್‌ಗೇ ಮಾಡಿದ ಹೊಸ ಫರ್ಮ್‌ವೇರ್‌ನ ಯುಎಫ್2 ಫೈಲ್ ಅದರೊಳಗೆ ಹಾಕು. ಸೆಟ್ಟಿಂಗ್ ಹೋಗಿದ್ದರೆ ಅದೇ ಪುಟದಿಂದ ಮರಳಿಸು.

ಫ್ಲ್ಯಾಶ್ ನ್ಯೂಕ್ ಅನ್ನುವ ಫೈಲ್ ಇಡೀ ಮೆಮೊರಿ ಒರೆಸುತ್ತದೆ. ಬ್ಯಾಕಪ್ ಇಲ್ಲದೆ ಅದನ್ನು ಮುಟ್ಟಬೇಡ. ಹಾಗಂತ ಹೆದರಬೇಡ. ಬೂಟ್‌ಸೆಲ್ ಕೋಡ್ ಚಿಪ್‌ನ ಅಳಿಸಲಾಗದ ರೋಮ್ (ROM) ಮೆಮೊರಿಯಲ್ಲೇ ಇದೆ, ಫರ್ಮ್‌ವೇರ್ ತಪ್ಪಾದರೂ ಪಿಕೊ ಮತ್ತೆ ಏಳುತ್ತದೆ. ನಿನ್ನ ಬಟನ್ ಜೋಡಣೆ ಕಳೆದುಹೋದರೆ ಕೂತು ಮತ್ತೆ ಬರೆಯಬಹುದು. ಜಾಯ್-ಕಾನ್‌ನ ಫ್ಯಾಕ್ಟರಿ ಅಂಕಿಗಳಿಗೆ ಆ ಭಾಗ್ಯವಿಲ್ಲ.

ಪ್ರಶ್ನೆ (ಅಮೆರಿಕದಲ್ಲಿರುವ ಸದಸ್ಯರು):
ಪಿಎಸ್5ರ ಡ್ಯುಯಲ್‌ಸೆನ್ಸ್ ಕಂಟ್ರೋಲರ್‌ಗೂ ಹೀಗೆ ಬ್ಯಾಕಪ್ ಆಗುತ್ತದಾ ಸರ್? ಸ್ಟಿಕ್ ಬದಲಿಸಿದ್ದೇನೆ, ನಡು ಸರಿಯಿಲ್ಲ.

ಉತ್ತರ:
ಇಷ್ಟು ಪೂರ್ತಿಯಾಗಿ ಆಗುವುದಿಲ್ಲ. ಅದಕ್ಕೆ ಬ್ರೌಸರ್‌ನಲ್ಲೇ ನಡೆಯುವ ಹವ್ಯಾಸಿಗಳ ಒಂದು ಕ್ಯಾಲಿಬ್ರೇಶನ್ ಟೂಲ್ ಇದೆ, ಡ್ಯುಯಲ್‌ಶಾಕ್ ಟೂಲ್ಸ್ ಅಂತ. ಕ್ರೋಮ್ ಅಥವಾ ಎಡ್ಜ್ ಬೇಕು, ಕಂಟ್ರೋಲರ್ ಕೇಬಲ್‌ನಲ್ಲಿ ಇರಬೇಕು. ಅದರಲ್ಲಿ ನನಗೆ ಮೆಚ್ಚುಗೆಯಾದ ವಿಷಯ ಅಂದರೆ, ಮಾಡಿದ ಬದಲಾವಣೆ ಮೊದಲು ತಾತ್ಕಾಲಿಕ. ಶಾಶ್ವತವಾಗಿ ಉಳಿಸು ಅಂತ ನೀವೇ ಕೊಟ್ಟರೆ ಮಾತ್ರ ಕಂಟ್ರೋಲರ್‌ನಲ್ಲಿ ಕೂರುತ್ತದೆ. ಶುರು ಮಾಡುವ ಮುಂಚೆ ಫೈನ್‌ಟ್ಯೂನ್ ಪರದೆಯ ಅಂಕಿಗಳನ್ನು ಫೋಟೋ ತೆಗೆದಿಟ್ಟುಕೊಳ್ಳಿ. ಹೊಸ ಅಳತೆ ಸರಿಹೋಯಿತು ಅಂತ ಖಾತ್ರಿಯಾದ ಮೇಲೆ ಉಳಿಸಿ.

ಮಧ್ಯೆ ಒಂದು ಪ್ರಶ್ನೆ (ತುಮಕೂರಿನ ಸದಸ್ಯರು):
ಇದೆಲ್ಲಾ ಮಾಡಿದರೆ ಕನ್ಸೋಲ್ ಬ್ಯಾನ್ ಆಗುತ್ತೆ ಅಂತಾರಲ್ಲ? ಸ್ವಿಚ್ 2ಕ್ಕೂ ನಡೆಯುತ್ತಾ?

ಉತ್ತರ:
ಜಾಯ್-ಕಾನ್ ಟೂಲ್‌ಕಿಟ್ ಕನ್ಸೋಲ್‌ನ ಸಾಫ್ಟ್‌ವೇರ್ ಮುಟ್ಟುವುದೇ ಇಲ್ಲ. ನಕಲಿ ಆಟ ಹಾಕಲು ಕನ್ಸೋಲ್ ಬದಲಿಸುವುದು ಬೇರೆ ವಿಷಯ, ಅದಕ್ಕೆ ನಾನು ಉತ್ತರ ಕೊಡುವುದಿಲ್ಲ. ಆದರೂ ಕಂಪನಿ ಒಪ್ಪಿದ ವಿಧಾನ ಇದಲ್ಲ. ವಾರಂಟಿ ಇರುವ ಕಂಟ್ರೋಲರ್ ಆದರೆ ಅದು ಮುಗಿಯುವವರೆಗೆ ಕಾಯಿರಿ. ಸೀರಿಯಲ್ ನಂಬರ್ ಬರೆಯುವ ಆಯ್ಕೆ ಇರುವುದು ಹಾಳಾದದ್ದನ್ನು ಮರಳಿಸಲಿಕ್ಕೆ. ಬೇರೆ ನಂಬರ್ ಹಾಕಬೇಡಿ. ನಾಳೆ ಅದನ್ನು ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ ಅನ್ಯಾಯವಾಗುತ್ತದೆ. ಸ್ವಿಚ್ 2 ಬಂದದ್ದು 2025ರ ಜೂನ್‌ನಲ್ಲಿ. ಈ ಟೂಲ್‌ಕಿಟ್ ಮೊದಲ ಸ್ವಿಚ್‌ನ ಕಂಟ್ರೋಲರ್‌ಗಳಿಗೆ ಬರೆದದ್ದು. ಹೊಸ ಜಾಯ್-ಕಾನ್ 2ರ ಮೇಲೆ ಪ್ರಯೋಗ ಬೇಡ.

ಮೈಸೂರಿನ ಸದಸ್ಯೆ:
ಸರ್, ಎರಡೂ ಬ್ಯಾಕಪ್ 524288 ಬಂತು. ಬಣ್ಣ ಬರೆದೆವು, ಪರದೆಯಲ್ಲಿ ಹಸಿರು ಬಂದಿದೆ, ಮಗಳಿಗೆ ಬಹಳ ಸಂತೋಷ. ಎಡಗಡೆ ಸ್ಟಿಕ್‌ನ ಅಂಕಿ ಮಾತ್ರ ಕೈ ಬಿಟ್ಟರೂ 1900 ಮತ್ತು 2300ರ ನಡುವೆ ಓಡಾಡುತ್ತಿದೆ.

ಉತ್ತರ:
ಬಣ್ಣ ಬಂದದ್ದು ಒಳ್ಳೆಯದಾಯಿತು. ಅಂಕಿ ಅಷ್ಟು ಓಡಾಡಿದರೆ ಪಟ್ಟಿ ಸವೆದಿದೆ. ಡೆಡ್ ಝೋನ್ ಅಲ್ಲಿಗೆ ಸಾಲದು, ಸ್ಟಿಕ್ ಬದಲಿಸಿ. ನೀವೇ ಬಿಚ್ಚುವುದಾದರೆ ಹೊರಗಿನ ಸ್ಕ್ರೂಗಳಿಗೆ ಮೂರು ಕಾಲಿನ, ವೈ ಆಕಾರದ ಸ್ಕ್ರೂಡ್ರೈವರ್ ಬೇಕು. ಮುಚ್ಚಳ ತೆರೆದ ಕೂಡಲೇ ಪೂರ್ತಿ ಎಳೆಯಬೇಡಿ, ಎರಡೂ ಭಾಗವನ್ನು ತೆಳು ಪಟ್ಟಿ ಕೇಬಲ್ ಹಿಡಿದಿರುತ್ತದೆ. ಮೊದಲು ಬ್ಯಾಟರಿ ಕನೆಕ್ಟರ್ ತೆಗೆಯಿರಿ. ಸ್ಟಿಕ್‌ನ ಕೇಬಲ್ ತೆಗೆಯುವಾಗ ಅದರ ಪುಟ್ಟ ಲಾಕ್ ಅನ್ನು ಉಗುರಿನಿಂದ ಮೇಲಕ್ಕೆತ್ತಿ, ಆಮೇಲೆ ಕೇಬಲ್ ಎಳೆಯಿರಿ, ಲಾಕ್ ಮುರಿದರೆ ಬೋರ್ಡ್ ಕೆಲಸವಾಗುತ್ತದೆ. ಅಂಗಡಿಗೆ ಕೊಡುವುದಾದರೂ ಬ್ಯಾಕಪ್ ಫೈಲ್ ನಿಮ್ಮ ಹತ್ತಿರವೇ ಇರಲಿ. ಹೊಸ ಸ್ಟಿಕ್ ಕೂತ ಮೇಲೆ ಸಿಸ್ಟಮ್ ಸೆಟ್ಟಿಂಗ್ಸ್‌ನಲ್ಲಿ ಕ್ಯಾಲಿಬ್ರೇಶನ್ ಮಾಡಿ, ಇನ್ನೊಂದು ಬ್ಯಾಕಪ್ ತೆಗೆದು ಬೇರೆ ಹೆಸರಿನಲ್ಲಿ ಇಡಿ. ಹಳೆಯದನ್ನು ಅಳಿಸಬೇಡಿ.