ಭೂಗೋಳ ಓದಿ ಏನು ಮಾಡ್ತಾಳೆ ಅಂತ ಕೇಳಿದ್ರಲ್ಲ ಅತ್ತೆ

ಅತ್ತೆ, ನಿಮ್ಮ ಮೆಸೇಜ್ ಈಗ ನೋಡಿದೆ. ನಿಮ್ಮ ಮಗಳು ಡಿಗ್ರಿಗೆ ಭೂಗೋಳ ಮತ್ತು ಪರಿಸರ ನಿರ್ವಹಣೆ ತಗೊಳ್ತೀನಿ ಅಂತಿದ್ದಾಳೆ, ನದಿ, ರಾಜಧಾನಿಗಳ ಹೆಸರು ಬಾಯಿಪಾಠ ಮಾಡೋಕೆ ಇಷ್ಟು ವರ್ಷ ಬೇಕಾ ಅಂತ ಕೇಳಿದ್ದೀರಿ. ನಾನೂ ಅದನ್ನೇ ಓದಿದವಳು, ಅದಕ್ಕೆ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಬಾಯಿಪಾಠ ಅಲ್ಲಿ ತುಂಬಾ ಕಡಿಮೆ. ನಮಗೆ ಮೊದಲು ಕಲಿಸಿದ್ದು ಮಣ್ಣು ಮುಟ್ಟಿ ನೋಡುವುದನ್ನು. ಒಂದು ಹಿಡಿ ಮಣ್ಣಿಗೆ ನೀರು ಚಿಮುಕಿಸಿ, ನಾದಿ, ಹೆಬ್ಬೆರಳು ತೋರುಬೆರಳ ನಡುವೆ ಒತ್ತುತ್ತಾ ಪಟ್ಟಿ ಎಳೆಯಬೇಕು. ಜೇಡಿ ಜಾಸ್ತಿ ಇದ್ದರೆ ಪಟ್ಟಿ ಉದ್ದಕ್ಕೆ ಬರುತ್ತದೆ, ಮರಳಾದರೆ ಬೆರಳಲ್ಲೇ ಉದುರಿಹೋಗುತ್ತದೆ. ಅಲ್ಲಿ ನೀರು ಬೇಗ ಇಂಗುತ್ತದಾ, ನಿಲ್ಲುತ್ತದಾ ಅನ್ನುವ ಅಂದಾಜು ಅಷ್ಟರಲ್ಲೇ ಸಿಗುತ್ತದೆ.

ಆಮೇಲೆ ಉಪಗ್ರಹದ ಚಿತ್ರಗಳು. ಲ್ಯಾಂಡ್‌ಸ್ಯಾಟ್ ಉಪಗ್ರಹಗಳು 1972ರಿಂದ ಭೂಮಿಯ ಚಿತ್ರ ತೆಗೆಯುತ್ತಿವೆ, 2008ರಿಂದ ಆ ಚಿತ್ರಗಳು ಎಲ್ಲರಿಗೂ ಉಚಿತ. ನಮ್ಮ ಪ್ರಾಜೆಕ್ಟಿನಲ್ಲಿ ಕಂಪ್ಯೂಟರ್ ಒಂದು ಜಾಗವನ್ನು ಹುಲ್ಲುಗಾವಲು ಅಂತ ತೋರಿಸಿತು. ನಡೆದು ಹೋಗಿ ನೋಡಿದರೆ ಅದು ಕೆರೆ! ಒಂದು ಹನಿ ನೀರೂ ಕಾಣದ ಹಾಗೆ ಕಳೆ ಮುಚ್ಚಿತ್ತು. ಹಸಿರೆಲೆ ಕೆಂಪು ಬೆಳಕನ್ನು ಹೀರಿಕೊಂಡು, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ವಾಪಸ್ ಕಳಿಸುತ್ತದೆ. ನಾವು ಲೆಕ್ಕ ಹಾಕಿದ್ದು ಅದನ್ನಷ್ಟೇ. ಎಲೆಯ ಕೆಳಗೆ ನೆಲವೋ ನೀರೋ ಅಂತ ಅದು ಹೇಳಲಿಲ್ಲ. ಆ ದಂಡೆಯ ಮೇಲೆ ನಿಂತಾಗ ಈ ವಿಷಯ ನನ್ನದು ಅನ್ನಿಸಿತು, ಅತ್ತೆ.

ನಿರ್ವಹಣೆ ಅನ್ನುವುದು ಶುರುವಾಗುವುದೂ ಅಲ್ಲೇ. ಕಳೆ ಕಿತ್ತರೆ ಮತ್ತೆ ಬರುತ್ತದೆ, ಯಾಕೆಂದರೆ ಕೊಳಚೆ, ಗೊಬ್ಬರದ ಜೊತೆ ಬರುವ ಸಾರಜನಕ, ರಂಜಕವೇ ಅದಕ್ಕೆ ಆಹಾರ. ಹಾಗಾಗಿ ನೆಲದ ಎತ್ತರ ತೋರಿಸುವ ಗೆರೆಗಳಿರುವ ನಕ್ಷೆ ಹಿಡಿದು, ಯಾವ ಕಡೆಯ ನೀರು ಕೆರೆಗೆ ಇಳಿಯುತ್ತದೆ ಅಂತ ಹುಡುಕಬೇಕು. ಅಲ್ಲಿರುವ ಜನರ ಜೊತೆ ಕೂತು ಮಾತಾಡಬೇಕು. ನನಗೆ ಕಷ್ಟವಾದದ್ದು ಇದೇ, ಮಣ್ಣಲ್ಲ.

ಕೆಲಸದ ಚಿಂತೆಯೂ ಇದೆ ಅಲ್ವಾ ನಿಮಗೆ? ನೀರು, ಅರಣ್ಯ, ನಗರ ಯೋಜನೆ, ಪರಿಸರ ಪರಿಣಾಮದ ವರದಿ, ಎಲ್ಲ ಕಡೆ ಈ ಓದು ಬೇಕು. ಆದರೆ ಡಿಗ್ರಿ ಒಂದೇ ಸಾಲದು. ಜಿಐಎಸ್, ಅಂದರೆ ಕಂಪ್ಯೂಟರಿನಲ್ಲಿ ನಕ್ಷೆ ಮತ್ತು ಮಾಹಿತಿ ಜೋಡಿಸಿ ನೋಡುವ ಕೆಲಸ, ಚೆನ್ನಾಗಿ ಬರಬೇಕು, ಅಂಕಿಅಂಶದ ಲೆಕ್ಕಕ್ಕೆ ಹೆದರಬಾರದು. ಅದಕ್ಕೆ ಕ್ಯೂಜಿಐಎಸ್ ಅಂತ ಉಚಿತ ಸಾಫ್ಟ್‌ವೇರ್ ಇದೆ, ಈಗಲೇ ಹಾಕಿಕೊಂಡು ನೋಡಲಿ.

ಸೇರುವ ಮೊದಲು ಸಿಲಬಸ್ ತರಿಸಿ ನನಗೆ ಕಳಿಸಿ. ಫೀಲ್ಡ್ ವರ್ಕ್ ಎಷ್ಟು ದಿನ ಇದೆ ಅಂತ ನಾನು ಮೊದಲು ನೋಡುತ್ತೇನೆ. ಅದು ಇಲ್ಲದ ಕಡೆ ಮಾತ್ರ ಸೇರಿಸಬೇಡಿ.